ಹಾವಿನ ಹಲ್ಲು ಕಿತ್ತವರು ಯಾರು?

ಐವತ್ತು ವರ್ಷಗಳಿಂದ ಕನ್ನಡದ ವಿಮರ್ಶಕರು ಒಂದು ಹಾವಿನ ಬಗ್ಗೆ ಜಗಳ ಆಡುತ್ತಿದ್ದಾರೆ. ಅದು ನಾಗರಹಾವೋ, ಕೇರೆಹಾವೋ ಎಂಬುದೇ ಜಗಳ.

ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತರಾಸು ಬರೆದ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲ್ 1972ರ ಡಿಸೆಂಬರ್‌ನಲ್ಲಿ 'ನಾಗರಹಾವು' ಚಿತ್ರ ತೆರೆಗೆ ತಂದರು. ಜನ ಮುಗಿಬಿದ್ದು ನೋಡಿದರು. ಒಂದೇ ಚಿತ್ರಕ್ಕೆ ವಿಷ್ಣುವರ್ಧನ್ ಮನೆಮಾತಾದರು. ಕಥೆ ಹಿಂದಿ, ತೆಲುಗು, ತಮಿಳಿಗೂ ಹೋಯಿತು. ಆದರೆ ಬರೆದವರಿಗೆ ಸಮಾಧಾನವಾಗಲಿಲ್ಲ. ಪುಟ್ಟಣ್ಣ ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತರಾಸು ನೊಂದುಕೊಂಡರೆಂಬ ಮಾತು ಇವತ್ತಿಗೂ ಓಡಾಡುತ್ತದೆ.

ಅಲ್ಲಿಂದ ಶುರುವಾಯಿತು ಪಂಡಿತರ ಪಂಚಾಯ್ತಿ. ಕಾದಂಬರಿಗೆ ಅಪಚಾರವಾಯಿತು ಅಂತ ಒಬ್ಬರು. ಸಿನಿಮಾ ಬೇರೆ ಮಾಧ್ಯಮ ಕಣ್ರೀ ಅಂತ ಇನ್ನೊಬ್ಬರು. ಈ ಪಂಚಾಯ್ತಿ ಕಟ್ಟೆಯ ಮೇಲೆ ನಮಗೆ ಎಂದೂ ಜಾಗ ಇರಲಿಲ್ಲ. ಕೆಳಗೆ ನಿಂತೇ ಒಂದು ಪ್ರಶ್ನೆ ಕೇಳುತ್ತೇವೆ. ಹಾವಿನ ವಿಷ ಹೋಯಿತು ಅಂತೀರಲ್ಲ, ಅದರ ಹಲ್ಲು ಕಿತ್ತವರು ಯಾರು?

ಚಿತ್ರವನ್ನು ಮತ್ತೆ ನೋಡಿ. ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಅವಳೂ ಪ್ರೀತಿಸುತ್ತಾಳೆ. ಜಾತಿ ಬೇರೆ ಅಂತ ಹುಡುಗಿಯ ಮನೆಯವರು ಒಪ್ಪುವುದಿಲ್ಲ. ಊರಿಗೆಲ್ಲ ಹೆಡೆ ಎತ್ತುವ ಈ ಹುಡುಗನನ್ನು ಬಗ್ಗಿಸುವವರು ಯಾರು? ಪೊಲೀಸರಲ್ಲ, ಗೂಂಡಾಗಳಲ್ಲ. ಅವನು ದೇವರಂತೆ ಕಾಣುವ ಚಾಮಯ್ಯ ಮೇಷ್ಟ್ರು. ತ್ಯಾಗ ಮಾಡು ಅಂತಾರೆ. ಅವನು ಮಾಡುತ್ತಾನೆ. ಆ ತ್ಯಾಗದ ಫಲವೇನು? ಬೇರೆಯವನ ಕೈ ಹಿಡಿದ ಅಲಮೇಲು ಸೂಳೆಗಾರಿಕೆಯ ಕೂಪಕ್ಕೆ ಬೀಳುತ್ತಾಳೆ. ಮುಂದೆ ಅವನು ಕ್ರಿಶ್ಚಿಯನ್ ಹುಡುಗಿ ಮಾರ್ಗರೆಟ್ಟಳ ಕೈ ಹಿಡಿದಾಗಲೂ ಅದೇ ಮೇಷ್ಟ್ರು ಅಡ್ಡ ನಿಲ್ಲುತ್ತಾರೆ. ಕೊನೆಗೆ ದುರ್ಗದ ಬೆಟ್ಟದ ಮೇಲೆ ಮೂರು ಹೆಣ.

ಈ ಮೂರು ಹೆಣಗಳ ಮಹಜರು ಬರೆದವರು ಹುಡುಗನ ಸಿಟ್ಟನ್ನು ಆರೋಪಿ ಮಾಡಿದರು. ಹೆಣ್ಣಿನ ವಿಧಿ ಅಂದರು. ಗುರುಶಿಷ್ಯರ ಅಮರ ಸಂಬಂಧ ಅಂತ ಕಣ್ಣೊರೆಸಿಕೊಂಡರು. ಜಾತಿ ಎಂಬ ಕೊಲೆಗಾರನ ಹೆಸರು ಮಾತ್ರ ಬರೆಯಲಿಲ್ಲ. ರಾಮಾಚಾರಿ ನಮ್ಮ ಕೇರಿಯವನೂ ಅಲ್ಲ, ಆಚಾರವಂತರ ಮನೆಯ ಹುಡುಗ. ಅವನಿಗೇ ಈ ಗತಿಯಾದರೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ಮೂಟೆ ಹೊರುವ ನಮ್ಮ ಹುಡುಗ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯ ಹುಡುಗಿಯನ್ನು ಕಣ್ಣೆತ್ತಿ ನೋಡಿದರೆ ಏನಾಗುತ್ತೆ? ಅವನಿಗೆ ತ್ಯಾಗ ಮಾಡು ಅಂತ ಯಾರೂ ಬುದ್ಧಿ ಹೇಳೋದಿಲ್ಲ. ಕಾಲು ಮುರೀತಾರೆ.

ಇದಕ್ಕೆ ಎರಡು ವರ್ಷ ಮೊದಲಿನ ಕತೆ ನೋಡಿ. 1970ರ 'ಸಂಸ್ಕಾರ' ಚಿತ್ರವೂ ಕಾದಂಬರಿಯಿಂದಲೇ ಬಂದದ್ದು. ಅದು ಅಗ್ರಹಾರದ ಕೊಳೆಯನ್ನು ತೋರಿಸಿತು. ಸೆನ್ಸಾರ್ ಮಂಡಳಿ ಅದನ್ನು ಮೊದಲು ತಡೆದಿತ್ತು. ಜಾತಿಯನ್ನು ಪ್ರಶ್ನಿಸಿದರೆ ಶಾಂತಿಭಂಗ, ಜಾತಿಗೆ ತಲೆಬಾಗಿದರೆ ತ್ಯಾಗ! ಯಾವ ತಕ್ಕಡಿಯಪ್ಪಾ ಇದು?

ಇನ್ನೊಂದು ವಿಷಯ. ಇದೇ ಚಿತ್ರದಲ್ಲಿ ಒಂದು ಹಾಡಿಗಾಗಿ ಒನಕೆ ಓಬವ್ವ ಬರುತ್ತಾಳೆ. ಜಯಂತಿ ಒನಕೆ ಎತ್ತಿದಾಗ ಟೆಂಟಿನ ನೆಲದ ಮೇಲೆ ಕೂತ ನಾವು ಶಿಳ್ಳೆ ಹೊಡೆದೆವು. ಚಿತ್ರ ಅವಳನ್ನು ಕನ್ನಡ ನಾಡಿನ ವೀರ ಹೆಣ್ಣು ಅಂತ ಮೆರೆಸಿತು. ಛಲವಾದಿಗಳು ನಮ್ಮ ಮಗಳು ಅಂತ ಹೇಳಿಕೊಳ್ಳುವ ಆ ತಾಯಿಯ ಕೇರಿ ಮಾತ್ರ ಚಿತ್ರದಲ್ಲಿ ಕಾಣಲಿಲ್ಲ. ಕೋಟೆ ಕಾಯಲು ನಾವು ಬೇಕು, ಕೋಟೆಯೊಳಗಿನ ಕತೆಗೆ ನಾವು ಬೇಡ.

ಚಿತ್ರ ಬಂದು ವರ್ಷ ತುಂಬುವುದರೊಳಗೆ, 1973ರ ನವೆಂಬರ್‌ನಲ್ಲಿ, ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ನಾಡು ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಬಸವಲಿಂಗಪ್ಪನವರು ಮಂತ್ರಿ ಪದವಿ ಕಳೆದುಕೊಂಡರು. ಕತ್ತಲ ಟಾಕೀಸಿನಲ್ಲಿ ಮೇಷ್ಟ್ರಿಗಾಗಿ ಅತ್ತ ಕಣ್ಣುಗಳೇ ಹಗಲು ಬೆಳಕಿನಲ್ಲಿ ನಮ್ಮ ಮೇಲೆ ಕೆಂಡ ಕಾರಿದವು. ಬೂಸಾ ಎಂಬ ಮಾತಿಗೆ ಸಾಕ್ಷಿ ಬೇಕಿದ್ದವರಿಗೆ ಇನ್ನೇನು ಸಾಕ್ಷಿ ಬೇಕಿತ್ತು?

ತರಾಸು ನಮ್ಮ ಶತ್ರುವಲ್ಲ. ಪ್ರಗತಿಶೀಲ ಚಳವಳಿಯ ಲೇಖಕರು. ಬೆಲೆವೆಣ್ಣುಗಳ ಬದುಕನ್ನು 'ಮಸಣದ ಹೂವು' ಕಾದಂಬರಿಗೆ ತಂದವರು. ಪುಟ್ಟಣ್ಣನವರ ಕಸುಬುಗಾರಿಕೆಯನ್ನೂ ನಾವು ಅಲ್ಲಗಳೆಯುವುದಿಲ್ಲ. ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್ ನಿಂತರೆ ನಮಗೂ ಗಂಟಲು ಕಟ್ಟುತ್ತದೆ. ಅಪಾಯ ಇರೋದೇ ಅಲ್ಲಿ. ಜಾತಿ ಬೆತ್ತ ಹಿಡಿದು ಬಂದರೆ ಎದುರಿಸಬಹುದು. ಕಣ್ಣೀರು ಹಾಕಿಕೊಂಡು, ತಲೆ ನೇವರಿಸಿಕೊಂಡು ಬಂದರೆ? ನಾವೇ ಹಲ್ಲು ಕಿತ್ತು ಅದರ ಅಂಗೈಗೆ ಇಡುತ್ತೇವೆ. ರಾಮಾಚಾರಿ ಮಾಡಿದ್ದು ಅದನ್ನೇ. ಆದ್ದರಿಂದ ಕೇರೆಹಾವು ಎಂಬ ಮಾತು ನಿಜ. ಆದರೆ ವಿಷ ತೆಗೆದವರು ನಿರ್ದೇಶಕರಲ್ಲ. ಗುರುಭಕ್ತಿಯ ಹೆಸರಿನಲ್ಲಿ ಮನುಧರ್ಮ ತೆಗೆಯಿತು.

ಬೆತ್ತದ ಮೇಷ್ಟ್ರನ್ನು ನಾವು ಬಲ್ಲೆವು. ನಾವು ಓದಿದ ಒಂದು ಶಾಲೆಯಲ್ಲಿ ಮೇಷ್ಟ್ರು ನಮ್ಮನ್ನು ಮುಟ್ಟಿ ಹೊಡೆಯುತ್ತಿರಲಿಲ್ಲ, ಬೆತ್ತ ಎಸೆದು ಹೊಡೆಯುತ್ತಿದ್ದರು. ಸ್ಲೇಟನ್ನು ನೆಲದ ಮೇಲಿಟ್ಟು ದೂರ ಸರಿದರೆ ಬಗ್ಗಿ ನೋಡಿ ತಪ್ಪು ಹೇಳುತ್ತಿದ್ದರು. ಅಂಥವರ ಮೇಲೆ ನಮಗೆ ಸಿಟ್ಟು ಬಂತು, ಆ ಸಿಟ್ಟೇ ನಮ್ಮನ್ನು ಸಂಘಟನೆಗೆ ತಂದಿತು. ಚಾಮಯ್ಯನವರಂಥ ಒಳ್ಳೇ ಮೇಷ್ಟ್ರು ಸಿಕ್ಕಿದ್ದರೆ ನಾವೂ ತ್ಯಾಗ ಮಾಡಿಕೊಂಡು ಕೂತಿರುತ್ತಿದ್ದೆವೋ ಏನೋ!

ಹಳ್ಳಿಯ ಶಾಲೆಗಳಲ್ಲಿ ದುಡಿಯುತ್ತಿರುವ ಮೇಷ್ಟ್ರುಗಳೇ, ಈ ಮಾತು ನಿಮಗೇ. ಸೆಪ್ಟೆಂಬರ್ 5 ಬಂದರೆ ಚಾಮಯ್ಯನವರ ಹೆಸರು ಹೇಳಿ ಭಾಷಣ ಮಾಡುತ್ತೀರಿ. ನಾಳೆ ನಿಮ್ಮ ಹಳೆಯ ಶಿಷ್ಯನೊಬ್ಬ, ಶಿಷ್ಯೆಯೊಬ್ಬಳು, ಬೇರೆ ಜಾತಿಯವರನ್ನು ಮೆಚ್ಚಿ ನಿಮ್ಮ ಬಾಗಿಲಿಗೆ ಬಂದು ನಿಂತರೆ ಏನು ಹೇಳುತ್ತೀರಿ? ಜಾತಿ ಮುರಿಯಲು ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂತ ಬಾಬಾಸಾಹೇಬರು 1936ರಲ್ಲೇ ಬರೆದಿಟ್ಟಿದ್ದಾರೆ. 1954ರಿಂದ ವಿಶೇಷ ವಿವಾಹ ಕಾಯ್ದೆ ಇದೆ. ತ್ಯಾಗದ ಪಾಠ ಬಿಡಿ. ಮಕ್ಕಳ ಜೊತೆ ರಿಜಿಸ್ಟ್ರಾರ್ ಕಚೇರಿಗೆ ನಡೆಯಿರಿ, ಸಾಕ್ಷಿ ಹಾಕಿ.

ಕಾದಂಬರಿ ದೊಡ್ಡದೋ ಸಿನಿಮಾ ದೊಡ್ಡದೋ ಅಂತ ಪಂಡಿತರು ಇನ್ನೂ ಐವತ್ತು ವರ್ಷ ಜಗಳ ಆಡಲಿ. ನಮಗೆ ಆ ಮೂರು ಹೆಣಗಳ ಲೆಕ್ಕ ಬೇಕು.