ಸಬರ್‌ನ ಉಪದೇಶ ಸಾಕು, ಹೊರೆಯಲ್ಲಿ ಪಾಲು ಬೇಕು

ವಿಕಲಚೇತನ ಮಗು ಹುಟ್ಟಿದ ಮನೆಗೆ ಸಮಾಜವು ಮೊದಲು ಅನುಕಂಪವನ್ನು ತರುತ್ತದೆ. ಕೆಲವು ದಿನಗಳ ಬಳಿಕ ಉಪದೇಶವನ್ನು ತರುತ್ತದೆ. ಆಮೇಲೆ ಆ ಮನೆಯ ದಾರಿಯನ್ನೇ ಮರೆಯುತ್ತದೆ. 'ಸಬರ್ ಮಾಡಮ್ಮಾ, ಇದು ಅಲ್ಲಾಹನ ಪರೀಕ್ಷೆ' ಎಂದು ತಾಯಿಗೆ ಹೇಳುವವರಿಗೆ ಬರವಿಲ್ಲ. ಆದರೆ ಈ ಪರೀಕ್ಷೆ ಆ ತಾಯಿಯೊಬ್ಬಳಿಗೆ ಮಾತ್ರವೋ ಅಥವಾ ಅವಳ ಸುತ್ತಲಿರುವ ನೆರೆಹೊರೆ, ಮಸೀದಿ ಸಮಿತಿ, ಪಂಚಾಯತಿ ಮತ್ತು ಸರಕಾರಕ್ಕೂ ಅನ್ವಯಿಸುವುದೋ ಎಂದು ಕೇಳುವವರು ವಿರಳ. ನಾವಿಲ್ಲಿ ಕೇಳಬಯಸುವುದು ಆ ಪ್ರಶ್ನೆಯನ್ನೇ.

ಹಗರಿಬೊಮ್ಮನಹಳ್ಳಿ ತಾಲೂಕಿನ ತಂಬ್ರಹಳ್ಳಿಯನ್ನು ಗಮನಿಸೋಣ. ಹೋಬಳಿ ಕೇಂದ್ರವಾದ ಈ ಊರಿನಲ್ಲಿ ದಿನಗೂಲಿಯನ್ನು ನಂಬಿದ ಮನೆಗಳು ಸಾಕಷ್ಟಿವೆ. ಅಂತಹ ಮನೆಯ ಮಗುವೊಂದಕ್ಕೆ ಮಾತು ಬಾರದು ಅಥವಾ ಕತ್ತು ನಿಲ್ಲದು ಎಂದಿಟ್ಟುಕೊಳ್ಳಿ. ತಜ್ಞ ವೈದ್ಯರಿಗಾಗಿ ತಾಲೂಕು ಕೇಂದ್ರಕ್ಕೆ, ಅಲ್ಲಿಂದ ಹೊಸಪೇಟೆಗೆ ಇಲ್ಲವೇ ಬಳ್ಳಾರಿಗೆ ಅಲೆಯಬೇಕು. ವಾಕ್ ಮತ್ತು ಶ್ರವಣದ ಪೂರ್ಣ ತಪಾಸಣೆಗೆ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಮೈಸೂರಿನಲ್ಲಿದೆ. ಮಿದುಳು ಮತ್ತು ನರಸಂಬಂಧಿ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಜಿಲ್ಲಾ ಕಚೇರಿ ಹತ್ತಿರ ಬಂತು, ನಿಜ. 2023ರ ಶಕ್ತಿ ಯೋಜನೆಯಿಂದ ತಾಯಿಗೆ ಸರಕಾರಿ ಬಸ್ಸಿನ ಟಿಕೆಟ್ ಉಳಿಯಿತು, ಅದೂ ನಿಜ. ಆದರೆ ಆ ದಿನದ ಕೂಲಿ? ಮನೆಯಲ್ಲಿ ಬಿಟ್ಟು ಬಂದ ಇತರ ಮಕ್ಕಳು? ಒಮ್ಮೆ ಹೋಗಿ ಬಂದರೆ ಮುಗಿಯುವ ಚಿಕಿತ್ಸೆಯೂ ಇದಲ್ಲ. ವಾರಕ್ಕೆರಡು ಸಲದ ಫಿಸಿಯೋಥೆರಪಿಗಾಗಿ ವರ್ಷಗಟ್ಟಲೆ ಪ್ರಯಾಣಿಸಲು ಯಾವ ಕೂಲಿಕಾರನಿಂದ ಸಾಧ್ಯ? ಹೀಗಾಗಿ ಹೆಚ್ಚಿನವರು ಮಧ್ಯದಲ್ಲೇ ಕೈಚೆಲ್ಲುತ್ತಾರೆ. ಬಳಿಕ ನಾವು ಅವರನ್ನು 'ನಿರ್ಲಕ್ಷ್ಯದ ಪಾಲಕರು' ಎನ್ನುತ್ತೇವೆ!

ಹಾಗಾದರೆ ಕಾನೂನು ಇಲ್ಲವೇ? ಧಾರಾಳವಾಗಿ ಇದೆ. 1995ರ ಕಾಯ್ದೆಯು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಅದನ್ನು 21ಕ್ಕೆ ಏರಿಸಿತು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಪ್ರತಿಯೊಂದು ಮಗುವಿಗೂ ನೆರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆಯೆಂದು ಅದು ಸಾರಿತು. ವಿಕಲಚೇತನರಿಗೆ ನೀಡುವ ನೆರವು ಇತರರಿಗಿರುವ ಅಂತಹದೇ ಯೋಜನೆಯ ಮೊತ್ತಕ್ಕಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕೆಂದೂ, ತೀವ್ರ ಅವಲಂಬನೆಯುಳ್ಳವರಿಗೆ ಆರೈಕೆದಾರರ ಭತ್ಯೆ ಒದಗಿಸಬೇಕೆಂದೂ ಹೇಳಿತು.

ಈಗ ಕಾನೂನಿನ ಪುಟದಿಂದ ಖಜಾನೆಯ ಬಾಗಿಲಿಗೆ ಬರೋಣ. ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ವಿಕಲಚೇತನ ಪಿಂಚಣಿಯಲ್ಲಿ ಕೇಂದ್ರದ ಪಾಲನ್ನು 2012ರಲ್ಲಿ ತಿಂಗಳಿಗೆ 300 ರೂಪಾಯಿಗೆ ಏರಿಸಲಾಯಿತು. ಅದೂ ಬಡತನ ರೇಖೆಗಿಂತ ಕೆಳಗಿರುವ, ಶೇ. 80ರಷ್ಟು ವೈಕಲ್ಯವಿರುವ, 18 ವರ್ಷ ದಾಟಿದವರಿಗೆ ಮಾತ್ರ! ಅಂದರೆ ಚಿಕಿತ್ಸೆಯಿಂದ ಅತ್ಯಂತ ಹೆಚ್ಚು ಫಲ ಸಿಗುವ ಮೊದಲ ಹದಿನೆಂಟು ವರ್ಷಗಳಲ್ಲಿ ಈ ಪಿಂಚಣಿಯ ದೃಷ್ಟಿಯಲ್ಲಿ ಆ ಮಗು ಅಸ್ತಿತ್ವದಲ್ಲೇ ಇಲ್ಲ. ರಾಜ್ಯ ಸರಕಾರವು ತನ್ನದೇ ಮಾಸಾಶನ ನೀಡುತ್ತಿದೆಯಾದರೂ ಅದು ಔಷಧಿ ಮತ್ತು ಪ್ರಯಾಣದ ವೆಚ್ಚಕ್ಕೆ ಸಾಲುವಂತಹದ್ದಲ್ಲ. 2024-25ರ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ ಮೊದಲಾದ ತೀವ್ರ ಸ್ಥಿತಿಯಲ್ಲಿರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿದ್ದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಆಟಿಸಂ ಅಥವಾ ಬುದ್ಧಿಮಾಂದ್ಯತೆಯಿರುವ ಮಗುವಿನ ತಾಯಿ ಹಗಲಿರುಳು ಮಾಡುವುದು ಆರೈಕೆಯಲ್ಲವೇ? ಅದೇ ಆಯವ್ಯಯದಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಪ್ರಕಟವಾಯಿತು. 371(ಜೆ) ವಿಧಿಯ ಬಲದಿಂದ ಬರುವ ಈ ಹಣದಿಂದ ಹೋಬಳಿಗೊಂದು ಥೆರಪಿ ಕೇಂದ್ರ ನಿರ್ಮಿಸಲಾಗದೇ? ರಸ್ತೆ ಮತ್ತು ಕಟ್ಟಡಗಳು ಮಾತ್ರ ಅಭಿವೃದ್ಧಿಯೇ?

ಶಾಲೆಯ ಸ್ಥಿತಿಯೂ ಭಿನ್ನವಲ್ಲ. 2011ರ ಜನಗಣತಿಯ ಪ್ರಕಾರ ದೇಶದ 5ರಿಂದ 19 ವಯಸ್ಸಿನ ವಿಕಲಚೇತನರಲ್ಲಿ ಸುಮಾರು ಶೇ. 27ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೊಬ್ಬರು, ಪ್ರೌಢ ಹಂತದಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕೆಂದು 2021ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು. 2025ರಲ್ಲಿ ಅದೇ ನ್ಯಾಯಾಲಯವು ಹುದ್ದೆಗಳನ್ನು ಪ್ರಕಟಿಸಿರೆಂದು ರಾಜ್ಯಗಳಿಗೆ ಮತ್ತೊಮ್ಮೆ ತಾಕೀತು ಮಾಡಬೇಕಾಯಿತು. ನಾಲ್ಕು ವರ್ಷವೆಂದರೆ ಒಂದು ಮಗುವಿನ ಪ್ರಾಥಮಿಕ ಶಿಕ್ಷಣದ ಬಹುಪಾಲು ಮುಗಿದಂತೆ. ಕಡತ ಮರಳಿ ಬರುತ್ತದೆ, ಬಾಲ್ಯ ಮರಳಿ ಬರುವುದಿಲ್ಲ.

ಕೇಳದವನಿಗೆ ಹಕ್ಕು ಸಿಗುವುದಿಲ್ಲ ಎಂಬುದಕ್ಕೆ ಕಾಸರಗೋಡೇ ಸಾಕ್ಷಿ. ಅಲ್ಲಿನ ಗೇರು ತೋಟಗಳ ಮೇಲೆ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ 2000ದವರೆಗೂ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸುರಿಸಿತು. ಪಡ್ರೆ, ಎಣ್ಮಕಜೆ ಮುಂತಾದ ಊರುಗಳ ಹೆಸರು ಕನ್ನಡಿಗರಿಗೆ ಹೊಸದಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ನೀಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಮ್ ಕೋರ್ಟ್ ಕೇರಳ ಸರಕಾರಕ್ಕೆ ಆದೇಶಿಸಿತು. 2019ರಲ್ಲಿ ತಾಯಂದಿರು ತಮ್ಮ ಮಕ್ಕಳೊಂದಿಗೆ ತಿರುವನಂತಪುರದಲ್ಲಿ ಉಪವಾಸ ಕೂತರು. ಆದರೂ 2022ರ ಮೇ ತಿಂಗಳಲ್ಲಿ ನ್ಯಾಯಾಲಯ ಲೆಕ್ಕ ಕೇಳಿದಾಗ, 3,704 ಸಂತ್ರಸ್ತರ ಪೈಕಿ ಆ ಹಣ ತಲುಪಿದ್ದು ಕೇವಲ ಎಂಟು ಮಂದಿಗೆ. ಅವರಾದರೋ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದವರು! ದೇಶದ ಅತ್ಯುನ್ನತ ನ್ಯಾಯಾಲಯದ ಆದೇಶಕ್ಕೇ ಈ ಗತಿಯಾದರೆ, ಅರ್ಜಿ ಬರೆಯಲು ಬಾರದ ತಂಬ್ರಹಳ್ಳಿಯ ತಾಯಿಯ ಪಾಡೇನು?

ಸರಕಾರವನ್ನು ಪ್ರಶ್ನಿಸುವ ನಾವು ಸಮುದಾಯವನ್ನೂ ಪ್ರಶ್ನಿಸಬೇಕು. ಮಗಳ ಮದುವೆಗೆ ಅಡ್ಡಿಯಾದೀತೆಂದು ವಿಕಲಚೇತನ ಮಗನನ್ನು ಒಳಕೋಣೆಯಲ್ಲಿ ಬಚ್ಚಿಡುವ ಮನೆಗಳು ನಮ್ಮ ನಡುವೆ ಇಲ್ಲವೇ? ಮಗುವಿನ ಸ್ಥಿತಿಗೆ ತಾಯಿಯನ್ನೇ ಹೊಣೆಯಾಗಿಸಿ ಎರಡನೇ ಮದುವೆಯ ಮಾತೆತ್ತುವವರು ಇಲ್ಲವೇ? ಚಿಕಿತ್ಸೆಗೆ ಮೀಸಲಾಗಬೇಕಾದ ಅಮೂಲ್ಯ ವರ್ಷಗಳನ್ನು ತಾಯಿತದ ವ್ಯಾಪಾರಿಗಳು ನುಂಗುತ್ತಿಲ್ಲವೇ? ಶಾದಿಮಹಲ್‌ಗೆ ಅಮೃತಶಿಲೆ ಹಾಸುವ ಸಮಿತಿಗೆ ಮಸೀದಿಯ ಬಾಗಿಲಲ್ಲೊಂದು ಇಳಿಜಾರು ನಿರ್ಮಿಸಲು ಹಣವಿಲ್ಲವೆಂದರೆ ನಂಬುವುದು ಹೇಗೆ?

ಇದು ಇಸ್ಲಾಮಿನ ಪರಂಪರೆಯಂತೂ ಅಲ್ಲ. ಕುರೈಶರ ನಾಯಕರೊಡನೆ ಮಾತುಕತೆ ನಡೆಯುತ್ತಿದ್ದಾಗ ಬಂದ ಅಂಧ ಸಹಾಬಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್‌ರ ಪರವಾಗಿ ಪವಿತ್ರ ಕುರ್‌ಆನಿನ ಒಂದು ಅಧ್ಯಾಯವೇ ಅವತೀರ್ಣವಾಯಿತು. ಅದೇ ಸಹಾಬಿಯನ್ನು ಪ್ರವಾದಿವರ್ಯರು(ಸ) ಮುಅದ್ದಿನ್ ಆಗಿ ನೇಮಿಸಿದರು, ತಾವು ಮದೀನಾದಿಂದ ಹೊರಗೆ ಹೋಗುವಾಗ ಊರಿನ ಹೊಣೆಯನ್ನೂ ವಹಿಸಿದರು. ಗೌರವದೊಂದಿಗೆ ಜವಾಬ್ದಾರಿ ನೀಡುವುದು ಪ್ರವಾದಿಯ ಮಾದರಿ. ಉಮಯ್ಯ ಖಲೀಫ ವಲೀದ್ ಇಬ್ನು ಅಬ್ದುಲ್ ಮಲಿಕ್ (705-715) ಕುಷ್ಠರೋಗಿಗಳಿಗೆ ವೇತನ ಗೊತ್ತುಪಡಿಸಿ, ನಡೆಯಲಾಗದವರಿಗೆ ಸೇವಕರನ್ನೂ ಅಂಧರಿಗೆ ಕೈಹಿಡಿದು ನಡೆಸುವವರನ್ನೂ ನೇಮಿಸಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ನಾವು ಇಂದು 'ಆರೈಕೆದಾರರ ಭತ್ಯೆ' ಎನ್ನುವುದನ್ನು ಅಂದು ಬೈತುಲ್ ಮಾಲ್ ನಿರ್ವಹಿಸಿತ್ತು.

'ಝಕಾತ್ ಇರುವುದು ಬಡವರಿಗೆ, ವಿಕಲಚೇತನರಿಗಲ್ಲ' ಎಂಬ ಆಕ್ಷೇಪ ಕೇಳಿಬರುತ್ತದೆ. ವೈಕಲ್ಯ ಒಂದೇ ಝಕಾತ್‌ನ ಅರ್ಹತೆಯಲ್ಲ ಎಂಬುದು ಸರಿ. ಅನುಕೂಲಸ್ಥ ತಂದೆಯ ಎಳೆಯ ಮಗುವಿಗೆ ಝಕಾತ್ ಸಲ್ಲದು. ಆದರೆ ಚಿಕಿತ್ಸೆಗಾಗಿ ಒಡವೆ ಅಡವಿಟ್ಟು ಸಾಲದಲ್ಲಿ ಮುಳುಗಿದ ಕುಟುಂಬವು ಕುರ್‌ಆನ್ ಹೆಸರಿಸಿದ ಎಂಟು ವಿಭಾಗಗಳಲ್ಲಿ ದರಿದ್ರರ ಮತ್ತು ಸಾಲಗಾರರ ಸಾಲಿನಲ್ಲಿ ಬರುವುದಿಲ್ಲವೇ? ಉಳಿದವರಿಗೆ ಸದಕಾ ಇದೆ. ಮಸೀದಿಯ ಇಳಿಜಾರಿಗೆ ಸಮಿತಿಯ ಸಾಮಾನ್ಯ ನಿಧಿಯಿದೆ. ಕೊರತೆಯಿರುವುದು ಫಿಕ್‌ಹ್‌ನಲ್ಲಿ ಅಲ್ಲ, ಇಚ್ಛಾಶಕ್ತಿಯಲ್ಲಿ.

'ನಮ್ಮ ಕಾಲಾನಂತರ ಈ ಮಗುವಿಗೆ ಯಾರು?' ಎಂಬ ಹೆತ್ತವರ ಭಯಕ್ಕೂ ಉತ್ತರವಿದೆ. ವಾರೀಸುದಾರರ ಹೆಸರಿಗೆ ಮರಣಶಾಸನ ಬರೆಯಲು ಮಿತಿಗಳಿವೆಯಾದರೂ ಬದುಕಿರುವಾಗಲೇ ಹಿಬಾ ನೀಡಬಹುದು. ವೈಕಲ್ಯ, ದೀರ್ಘ ಕಾಯಿಲೆಯಂತಹ ಕಾರಣವಿದ್ದರೆ ಒಂದು ಮಗುವಿಗೆ ಹೆಚ್ಚು ಕೊಡಲು ಅವಕಾಶವಿದೆಯೆಂದು ಹಂಬಲಿ ವಿದ್ವಾಂಸ ಇಬ್ನು ಕುದಾಮ ಅಭಿಪ್ರಾಯಪಟ್ಟಿದ್ದಾರೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ವೈಕಲ್ಯವುಳ್ಳವರು 18 ವರ್ಷ ದಾಟಿದ ಮೇಲೆ, ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಸಮಿತಿಯ ಮೂಲಕ ಪೋಷಕರ ನೇಮಕ ಮಾಡಿಸಬಹುದು. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ. ಎಷ್ಟು ಖುತುಬಾಗಳಲ್ಲಿ ಈ ವಿಷಯ ಪ್ರಸ್ತಾಪವಾಗಿದೆ?

ಆದ್ದರಿಂದ ತಂಬ್ರಹಳ್ಳಿಯಿಂದ ಹರಪನಹಳ್ಳಿವರೆಗಿನ ಪ್ರತಿ ಅಂಜುಮನ್ ಮತ್ತು ಮಸೀದಿ ಸಮಿತಿಯಲ್ಲಿ ನಮ್ಮ ಬೇಡಿಕೆ ಸರಳವಾದುದು. ನಿಮ್ಮ ಮೊಹಲ್ಲಾದಲ್ಲಿ ಇಂತಹ ಮಕ್ಕಳೆಷ್ಟಿದ್ದಾರೆಂದು ಜಾತಿ-ಧರ್ಮ ನೋಡದೆ ಪಟ್ಟಿ ಮಾಡಿ. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕರೆಸಿ ಪ್ರತಿ ಮಗುವಿಗೂ ಯುಡಿಐಡಿ ಕಾರ್ಡ್ ಮಾಡಿಸಿ. ಅಲ್ಲಿಂದಲೇ ಮಾಸಾಶನ ಮತ್ತು ಇತರ ಸವಲತ್ತುಗಳ ಬಾಗಿಲು ತೆರೆಯುತ್ತದೆ. ತಾಲೂಕಿನ ವಿಶೇಷ ಸಂಪನ್ಮೂಲ ಶಿಕ್ಷಕರ ಭೇಟಿ ಎಂದು, ಎಷ್ಟು ಸಲ ಎಂದು ಶಿಕ್ಷಣಾಧಿಕಾರಿಯನ್ನು ಲಿಖಿತವಾಗಿ ಕೇಳಿ. ಕಚೇರಿಗೆ ಹೋಗುವ ದಿನ ಆ ತಾಯಿಯ ಜೊತೆ ಓದುಬರಹ ಬಲ್ಲ ಒಬ್ಬ ಯುವಕನನ್ನೋ ಯುವತಿಯನ್ನೋ ಕಳುಹಿಸಿ. ಮದ್ರಸಾಕ್ಕೆ ಆ ಮಗುವನ್ನೂ ಸೇರಿಸಿಕೊಳ್ಳಿ.

ಸಬರ್ ಎಂದರೆ ಅನ್ಯಾಯದ ಮುಂದೆ ಕೈಕಟ್ಟಿ ನಿಲ್ಲುವುದಲ್ಲ. ಆ ತಾಯಿ ತನ್ನ ಪಾಲಿನ ಸಬರನ್ನು ದಿನಕ್ಕೆ ಇಪ್ಪತ್ತನಾಲ್ಕು ಗಂಟೆಯೂ ಮಾಡುತ್ತಿದ್ದಾಳೆ. ಇನ್ನು ಉತ್ತರ ಬರೆಯಬೇಕಾದವರು ಉಳಿದವರು.