ಲೇಸರ್ ಕೈದೀಪವೂ ಹೊಲದ ಕಾವಲೂ

ಕೃಷ್ಣರಾಜಪುರದ ಸುತ್ತಲಲ್ಲಿ ಇನ್ನೂ ಉಳಿದಿರುವ ಹೊಲತೋಟಗಳ ಯಜಮಾನರು ಕೆಲವರು, ಶಿವಾಜಿನಗರದ ಅಂಗಡಿಗಳಿಂದ ಲೇಸರ್ ಕೈದೀಪಗಳನ್ನು ಕೊಂಡುತಂದು, ಹಕ್ಕಿಗಳನ್ನು ಬೆದರಿಸಲು ಹುಡುಗರ ಕೈಗೆ ಕೊಡುತ್ತಿರುವರು. ಇದು ನನಗೆ ಒಪ್ಪಿಗೆಯಿಲ್ಲ.

ಸಂಜೆಯ ಮಬ್ಬಿನಲ್ಲಿ ಈ ಕಿರಣಕ್ಕೆ ಪಕ್ಷಿಗಳು ಹೆದರಿ ಹಾರುವುದು ನಿಜವೇ. ಆದರೆ ಗಿಣಿಗಳು ತೆನೆ ಕುಕ್ಕುವುದು ಹಗಲಿನಲ್ಲಿ. ಬಿಸಿಲಿನಲ್ಲಿ ಕಿರಣಕ್ಕೆ ಬೆಲೆಯಿಲ್ಲ. ಹೋದ ಸುಗ್ಗಿಯಲ್ಲಿ ನಾನೇ ಇದನ್ನು ಪರೀಕ್ಷಿಸಹೋದಾಗ, ಕಿರಣವು ಬಾನಿಯ ನೀರಿಗೆ ತಾಗಿ ಪುಟಿದು ಆಳಿನ ಮುಖದ ಮೇಲೆ ಬಿದ್ದಿತು. ದೈವವಶಾತ್ ಅವನ ಕಣ್ಣಿಗೆ ಕೇಡಾಗಲಿಲ್ಲ. ಅಂದಿನಿಂದ ಚೀಟಿಯನ್ನು ಓದದೆ ನಾನು ಗುಂಡಿಯನ್ನು ಒತ್ತಿಲ್ಲ.

1 ಮಿಲಿವಾಟಿಗೆ ಮೀರದ, ಎರಡನೆಯ ದರ್ಜೆಯ ದೀಪವಾದರೆ ರೆಪ್ಪೆಯು ಕಾಲು ಸೆಕೆಂಡಿನೊಳಗೆ ಮುಚ್ಚಿಕೊಂಡು ಕಣ್ಣನ್ನು ಕಾಯುವುದು. 5 ಮಿಲಿವಾಟಿಗೆ ಮೇಲ್ಪಟ್ಟುದನ್ನು ಕೊಳ್ಳಲೇಕೂಡದು. ಅಗ್ಗದ ಹಸುರು ದೀಪಗಳಲ್ಲಿ ಶೋಧಕವಿಲ್ಲದೆ, ಕಾಣದ ಅವರಕ್ತ ಕಿರಣವೂ ಹೊರಬೀಳುವುದುಂಟು. ಚೀಟಿಯ ಅಂಕಿಯನ್ನೂ ಪೂರ್ಣವಾಗಿ ನಂಬುವಂತಿಲ್ಲ. ಅಕ್ಷಿಪಟಲವು ಸುಟ್ಟರೆ ನೋವೇ ತಿಳಿಯದು.

ಇನ್ನೊಂದು ಮಾತು. ಎಚ್.ಎ.ಎಲ್. ವಿಮಾನನಿಲ್ದಾಣವು ನಮಗೆ ಸಮೀಪದಲ್ಲಿಯೇ ಇದೆ. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವಾದರೂ, ಪರೀಕ್ಷಾ ವಿಮಾನಗಳೂ ಸೇನೆಯವೂ ಇಲ್ಲಿ ಇಳಿಯುತ್ತಲೇ ಇವೆ. ಕೈಯಲ್ಲಿ ಚುಕ್ಕೆಯಾಗಿರುವ ಕಿರಣವು ದೂರ ಹೋದಂತೆ ಹರಡಿ, ವಿಮಾನದ ಗಾಜನ್ನೆಲ್ಲ ಬೆಳಗಿ, ಚಾಲಕನಿಗೆ ಕಣ್ಣು ಕತ್ತಲಿಡಿಸುವುದು. ಆದುದರಿಂದ ದೀಪವನ್ನು ಆಕಾಶಕ್ಕೆ ಎತ್ತಕೂಡದು. ಬಳಸಲೇಬೇಕಾದಲ್ಲಿ ವಯಸ್ಕನೊಬ್ಬನು, ಎದೆಯ ಮಟ್ಟಕ್ಕಿಂತ ಕೆಳಗೆ, ನೆಲದ ಕಡೆಗೇ ಹಿಡಿಯತಕ್ಕದ್ದು. ಕೆಲಸವಾದೊಡನೆ ಬ್ಯಾಟರಿಯನ್ನು ತೆಗೆದಿಡಬೇಕು. ಬಲೆಯೂ ತಮಟೆಯೂ ಇರುವಾಗ ಹುಡುಗರ ಕೈಯಲ್ಲಿ ಈ ದೀಪವೇಕೆ? ಗ್ರಾಮದ ಹಿರಿಯರು ಅದನ್ನು ಈ ಸುಗ್ಗಿಗೆ ಮುಂಚೆಯೇ ತೆಗೆಸಬೇಕೆಂದು ಕೋರುತ್ತೇನೆ.