ಹೆಸರಿನ ವಾದ, ಸಮ್ಮತಿಯ ಪ್ರಶ್ನೆ

ಮೂಲನಿವಾಸಿಗಳ ಹಕ್ಕುಗಳ ಕುರಿತ ಘೋಷಣೆಯನ್ನು ವಿಶ್ವಸಂಸ್ಥೆಯ ಮಹಾಸಭೆ 2007ರ ಸೆಪ್ಟೆಂಬರ್ 13ರಂದು ಅಂಗೀಕರಿಸಿದಾಗ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ವಿರೋಧಿಸಿದವು. ಭಾರತ ಪರವಾಗಿ ಮತ ಚಲಾಯಿಸಿತು. ಆದರೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಎಲ್ಲರೂ ಮೂಲನಿವಾಸಿಗಳಾದರೆ ಆ ಹೆಸರಿನ ಹಕ್ಕು ಯಾರಿಗೂ ವಿಶೇಷವಾಗಿ ಉಳಿಯುವುದಿಲ್ಲ.

ಈ ನೆಲಕ್ಕೆ ಮೊದಲು ಬಂದವರಾರು ಎಂಬ ವಾದವನ್ನು ಇತಿಹಾಸಕಾರರಿಗೆ ಬಿಡೋಣ. ನನ್ನ ದೃಷ್ಟಿಯಲ್ಲಿ ಅಂತರರಾಷ್ಟ್ರೀಯ ಕಾನೂನಿನ ತಿರುಳಿರುವುದು ಹೆಸರಿನಲ್ಲಲ್ಲ, ಸಮ್ಮತಿಯಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 107ನೇ ಒಡಂಬಡಿಕೆಯನ್ನು ಭಾರತ 1958ರಲ್ಲಿಯೇ ಅನುಮೋದಿಸಿದೆ. ಅದರ ಬಾಧ್ಯತೆ ಇಂದಿಗೂ ನಮ್ಮ ಮೇಲಿದೆ. ಬುಡಕಟ್ಟು ಜನರು ಪರಂಪರಾಗತವಾಗಿ ಅನುಭವಿಸುತ್ತ ಬಂದ ಭೂಮಿಯ ಮೇಲೆ ಅವರ ಒಡೆತನವನ್ನು ಅದು ಮಾನ್ಯ ಮಾಡುತ್ತದೆ. ಅವರ ಮುಕ್ತ ಸಮ್ಮತಿಯಿಲ್ಲದೆ ಅಲ್ಲಿಂದ ತೆರವುಗೊಳಿಸಬಾರದು ಎನ್ನುತ್ತದೆ. ಜೊತೆಗೇ, ರಾಷ್ಟ್ರದ ಆರ್ಥಿಕ ಅಭಿವೃದ್ಧಿಗಾಗಿ ವಿನಾಯಿತಿಯನ್ನೂ ನೀಡುತ್ತದೆ. ಅಣೆಕಟ್ಟು, ಗಣಿ, ಕಾರ್ಖಾನೆಗಳೆಲ್ಲ ನುಸುಳಬಲ್ಲ ಕಿಂಡಿಯಿದು. ಇದನ್ನು ಪರಿಷ್ಕರಿಸಿದ 1989ರ 169ನೇ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ.

ಆದರೂ ನಮ್ಮದೇ ಕಾನೂನು ಆ ಕಿಂಡಿಯನ್ನು ಕಿರಿದಾಗಿಸಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಬಲದಿಂದ ಒಡಿಶಾದ ನಿಯಮಗಿರಿಯ ಬಾಕ್ಸೈಟ್ ಗಣಿ ಪ್ರಕರಣ ಹೊಸ ತಿರುವು ಪಡೆಯಿತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 107ನೇ ಒಡಂಬಡಿಕೆಯನ್ನೂ ವಿಶ್ವಸಂಸ್ಥೆಯ ಘೋಷಣೆಯನ್ನೂ ಉಲ್ಲೇಖಿಸಿ, ಡೋಂಗ್ರಿಯಾ ಕೊಂಧರು ಮತ್ತಿತರ ಅರಣ್ಯವಾಸಿಗಳ ಹಕ್ಕಿನ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಟ್ಟಿತು. ಸಭೆ ಸೇರಿದ 12 ಗ್ರಾಮಗಳೂ ಗಣಿ ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು.

2022ರ ಅರಣ್ಯ ಸಂರಕ್ಷಣಾ ನಿಯಮಗಳು ಈ ಕ್ರಮವನ್ನೇ ತಿರುವುಮುರುವಾಗಿಸಿದವು. ಕೇಂದ್ರದ ಅಂತಿಮ ಅನುಮೋದನೆ ಮೊದಲು. ಅರಣ್ಯ ಹಕ್ಕುಗಳ ಇತ್ಯರ್ಥ ಅನಂತರ, ಅದೂ ರಾಜ್ಯಗಳ ಹೊಣೆ. ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗ ಇದನ್ನು ಆಕ್ಷೇಪಿಸಿತು. ಭೂಮಿ ಹಸ್ತಾಂತರಕ್ಕೆ ಮುನ್ನ ಕಾಯ್ದೆಯ ಪಾಲನೆ ಕಡ್ಡಾಯವಾಗಿರುವುದರಿಂದ ಹಕ್ಕಿಗೆ ಚ್ಯುತಿಯಿಲ್ಲ ಎಂಬುದು ಸರ್ಕಾರದ ಸಮರ್ಥನೆ.

ಕಾಗದದ ಮೇಲೆ ಈ ಸಮರ್ಥನೆ ಸರಿಯೆನಿಸಬಹುದು. ಆದರೆ ಆಡಳಿತದಲ್ಲಿ ದಶಕಗಳನ್ನು ಕಳೆದವನಾಗಿ ನಾನು ಬಲ್ಲೆ: ಮೇಲಿನಿಂದ ಅನುಮೋದನೆ ಬಂದ ಮೇಲೆ ಕೆಳಗಿನ ಅಧಿಕಾರಿಗೆ ಸಮ್ಮತಿ ಎನ್ನುವುದು ತಲುಪಲೇಬೇಕಾದ ಗುರಿಯಾಗುತ್ತದೆ, ಕೇಳಬೇಕಾದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅರ್ಥಶಾಸ್ತ್ರವೂ ಇದನ್ನೇ ಹೇಳುತ್ತದೆ. ಬೇಡವೆನ್ನುವ ಅವಕಾಶವಿದ್ದವನಿಗೆ ಮಾತ್ರ ಚೌಕಾಸಿಯ ಶಕ್ತಿಯಿರುತ್ತದೆ. ಅದಿಲ್ಲದವನು ಪಡೆಯುವ ಪರಿಹಾರ ಅವನ ಭೂಮಿಯ ಬೆಲೆಯಲ್ಲ, ಕೊಳ್ಳುವವನು ನಿಗದಿಪಡಿಸಿದ ಮೊತ್ತ.

169ನೇ ಒಡಂಬಡಿಕೆಯ ಅನುಮೋದನೆಗೆ ಕಾಲ ಹಿಡಿಯಬಹುದು. ಗ್ರಾಮಸಭೆಯ ಲಿಖಿತ ನಿರ್ಣಯವಿಲ್ಲದ ಪ್ರಸ್ತಾವ ದೆಹಲಿಯ ಮೇಜು ಹತ್ತಕೂಡದೆಂಬ ನಿಯಮಕ್ಕೆ ಯಾವ ಅಂತರರಾಷ್ಟ್ರೀಯ ಸಂಧಾನವೂ ಬೇಕಿಲ್ಲ.